‘ನಿಧನರಾದ’ ಮತ್ತು ‘ನಿಧನರಾದರು’: ತಂತ್ರಾಂಶಗಳಲ್ಲಿ ಯಂತ್ರಾನುವಾದದ ಅಳವಡಿಕೆ ಮತ್ತು ಕನ್ನಡದ ಸಂಬಂಧ ಕೃದಂತ

ಸಾರಾಂಶ

2025ರ ಜುಲೈನಲ್ಲಿ ಕರ್ನಾಟಕದ ಮುಖ್ಯಮಂತ್ರಿಯವರ ಸಂತಾಪ ಸಂದೇಶವೊಂದನ್ನು ಸಾಮಾಜಿಕ ಜಾಲತಾಣದ ಯಂತ್ರವು ಇಂಗ್ಲಿಷಿಗೆ ಅನುವಾದಿಸಿ, ಅಂತಿಮ ನಮನ ಸಲ್ಲಿಸಿದವರನ್ನೇ ಮೃತರೆಂದು ಸಾರಿತು. ಪ್ರಸ್ತುತ ಲೇಖನವು ಆ ವಾಕ್ಯದ ರಚನೆಯನ್ನು ಬಿಡಿಸಿ ನೋಡುತ್ತದೆ. ತಂತ್ರಾಂಶವೊಂದಕ್ಕೆ ಸ್ವಯಂಚಾಲಿತ ಅನುವಾದವನ್ನು ಜೋಡಿಸುವಾಗ ಕನ್ನಡ ವ್ಯಾಕರಣದ ಯಾವ ನೆಲೆಗಳಲ್ಲಿ ಕಾವಲು ಇಡಬೇಕು ಎಂಬುದನ್ನು ನಂಜನಗೂಡು ಮತ್ತು ಟಿ. ನರಸೀಪುರ ತಾಲ್ಲೂಕುಗಳ ಭಾಷಾಬಳಕೆಯಿಂದ ಆಯ್ದ ಉದಾಹರಣೆಗಳ ಮೂಲಕ ವಿವರಿಸುತ್ತದೆ.

ಬೀಜಪದಗಳು: ಯಂತ್ರಾನುವಾದ, ಸಂಬಂಧ ಕೃದಂತ, ಗೌರವಸೂಚಕ ಬಹುವಚನ, ವಿಭಕ್ತಿ, ಉಪಭಾಷೆ

1. ಪ್ರಕರಣ

ಬಹುಭಾಷಾ ನಟಿ ಬಿ. ಸರೋಜಾದೇವಿ ಅವರು 2025ರ ಜುಲೈ 14ರಂದು ಬೆಂಗಳೂರಿನಲ್ಲಿ ನಿಧನರಾದರು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಅಂತಿಮ ದರ್ಶನ ಪಡೆದ ಸುದ್ದಿಯು ಮರುದಿನ ಸಾಮಾಜಿಕ ಜಾಲತಾಣದಲ್ಲಿ ಕನ್ನಡದಲ್ಲಿ ಪ್ರಕಟವಾಯಿತು. ಕನ್ನಡ ಓದುಗರಿಗೆ ಅದರಲ್ಲಿ ಯಾವ ತೊಡಕೂ ಕಾಣಲಿಲ್ಲ. ಅದೇ ಸಂದೇಶವನ್ನು ಇಂಗ್ಲಿಷಿನಲ್ಲಿ ಓದಿದವರಿಗೆ ಮಾತ್ರ, ಮೆಟಾ ಕಂಪನಿಯ ಸ್ವಯಂ ಅನುವಾದವು ಮುಖ್ಯಮಂತ್ರಿಯವರು ಹಿಂದಿನ ದಿನ ತೀರಿಕೊಂಡರೆಂದು ತಿಳಿಸಿತು. ಜುಲೈ 17ರಂದು ಮುಖ್ಯಮಂತ್ರಿಯವರು ಇದನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಅವರ ಮಾಧ್ಯಮ ಸಲಹೆಗಾರರು ಕಂಪನಿಗೆ ಪತ್ರ ಬರೆದು, ನಿಖರತೆ ಸುಧಾರಿಸುವವರೆಗೆ ಕನ್ನಡದ ಸ್ವಯಂ ಅನುವಾದವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು, ಕನ್ನಡ ಬಲ್ಲ ಭಾಷಾತಜ್ಞರ ನೆರವು ಪಡೆಯಬೇಕು ಎಂದು ಕೋರಿದರು. ಕಂಪನಿಯು ದೋಷವನ್ನು ಸರಿಪಡಿಸಿರುವುದಾಗಿ ತಿಳಿಸಿ ಕ್ಷಮೆ ಯಾಚಿಸಿತು.

ಸುದ್ದಿಯಾಗಿ ಪ್ರಕರಣ ಅಲ್ಲಿಗೆ ಮುಗಿಯಿತು. ಭಾಷಾವಿಜ್ಞಾನಿಗಳಿಗೆ ಅದು ಮುಗಿದಿಲ್ಲವೆಂದು ನಾವು ಭಾವಿಸುತ್ತೇವೆ. ಭಾಷಾತಜ್ಞರ ನೆರವು ಪಡೆಯಿರಿ ಎಂಬ ಕೋರಿಕೆಯು ನಮ್ಮ ಶಾಸ್ತ್ರವನ್ನೇ ಉದ್ದೇಶಿಸಿದ್ದು. ಹಾಗೆ ಕರೆ ಬಂದರೆ ನಾವು ಏನು ಹೇಳಬಲ್ಲೆವು? ‘ಯಂತ್ರಕ್ಕೆ ಕನ್ನಡ ಬಾರದು’ ಎಂದರೆ ಅದು ಉತ್ತರವಾಗದು. ಎಲ್ಲಿ ಬಾರದು, ಏಕೆ ಬಾರದು, ಆ ಜಾಗವನ್ನು ಮೊದಲೇ ಗುರುತಿಸಬಹುದೇ ಎಂಬುದು ಪ್ರಶ್ನೆ.

ಸಂದೇಶದ ವಾಕ್ಯವನ್ನು ಸಂಕ್ಷೇಪಿಸಿ ಅದರ ಚೌಕಟ್ಟನ್ನಷ್ಟೇ ಇಲ್ಲಿ ಕೊಡುತ್ತೇವೆ. ಚೌಕಾವರಣವು ಅಧೀನ ಉಪವಾಕ್ಯವನ್ನು ಸೂಚಿಸುತ್ತದೆ.

(1) ಮುಖ್ಯಮಂತ್ರಿ ಅವರು [ನಿನ್ನೆ ನಿಧನರಾದ] ನಟಿಯ ಪಾರ್ಥಿವ ಶರೀರದ ದರ್ಶನ ಪಡೆದು ಅಂತಿಮ ನಮನ ಸಲ್ಲಿಸಿದರು.

ವಾಕ್ಯದ ಕರ್ತೃ ಆರಂಭದಲ್ಲಿದೆ, ಅದರ ಕ್ರಿಯಾಪದ ತುದಿಯಲ್ಲಿದೆ. ನಡುವೆ ನಾಮಪದವನ್ನು ವಿಶೇಷಿಸುವ ಒಂದು ಉಪವಾಕ್ಯವಿದೆ. ಅದರ ತಲೆಪದವಾದ ‘ನಟಿ’ ಉಪವಾಕ್ಯದ ನಂತರ ಬರುತ್ತದೆ. ಶಾಲಾ ವ್ಯಾಕರಣವು ಕೃದಂತನಾಮವೆಂದು ಕರೆಯುವ, ಕಾಲ್ಡ್‌ವೆಲ್ 1856ರ ತೌಲನಿಕ ವ್ಯಾಕರಣದಿಂದ ಮೊದಲುಗೊಂಡು ದ್ರಾವಿಡ ಭಾಷಾಧ್ಯಯನದಲ್ಲಿ ಸಂಬಂಧ ಕೃದಂತವೆಂದು ಪರಿಚಿತವಾದ ರೂಪ ಇದು. ಕನ್ನಡ ಓದುಗರು ‘ನಿಧನರಾದ’ ಎಂಬಲ್ಲಿ ನಿಲ್ಲುವುದಿಲ್ಲ, ಮುಂದೆ ಬರಬೇಕಾದ ನಾಮಪದಕ್ಕೆ ಕಾಯುತ್ತಾರೆ. ‘ನಿಧನರಾದರು’ ಎಂದಿದ್ದರೆ ನಿಲ್ಲುತ್ತಿದ್ದರು. ಎರಡರ ನಡುವಿನ ಅಂತರ ಒಂದೇ ಅಕ್ಷರ, ‘ರು’.

ಇನ್ನೂ ಒಂದು ಸೂಕ್ಷ್ಮವಿದೆ. ‘ಆದ’ ಎಂಬ ಕೃದಂತವು ಸ್ವತಃ ಲಿಂಗ ವಚನಗಳನ್ನು ತೋರದು, ಅವು ಅದರ ಹಿಂದಿನ ಆಖ್ಯಾತ ನಾಮದಲ್ಲಿ ಕಾಣುತ್ತವೆ: ಮೃತನಾದ, ಮೃತಳಾದ, ಮೃತರಾದ. ವಾಕ್ಯದಲ್ಲಿ ‘ಮೃತಳಾದ’ ಎಂದಿದ್ದರೆ ಸತ್ತವರು ಹೆಣ್ಣೆಂಬ ಸುಳಿವು ಯಂತ್ರಕ್ಕೆ ದೊರಕುತ್ತಿತ್ತು. ಆದರೆ ಹಿರಿಯ ಕಲಾವಿದೆಯ ಬಗ್ಗೆ ಸಂತಾಪ ಬರೆಯುವವರು ಹಾಗೆ ಬರೆಯುವುದಿಲ್ಲ. ಗೌರವಸೂಚಕ ಬಹುವಚನವು ಲಿಂಗಭೇದವನ್ನು ಅಳಿಸುತ್ತದೆ. ‘ನಿಧನರಾದ’ ಎಂಬುದರ ‘ರ’ಕಾರವು ಮುಖ್ಯಮಂತ್ರಿಗೂ ಒಪ್ಪುತ್ತದೆ, ನಟಿಗೂ ಒಪ್ಪುತ್ತದೆ. ಎರಡು ಸುಳಿವುಗಳಲ್ಲಿ ಒಂದನ್ನು ಸಭ್ಯತೆಯೇ ತೆಗೆದುಹಾಕಿತು, ಉಳಿದ ಇನ್ನೊಂದನ್ನು ಯಂತ್ರ ಲೆಕ್ಕಿಸಲಿಲ್ಲ.

2. ಯಂತ್ರದ ಓದು

ಗೂಗಲ್ ಅನುವಾದ ಸೇವೆಗೆ ಕನ್ನಡ ಸೇರಿದ್ದು 2011ರಲ್ಲಿ. 2017ರಲ್ಲಿ ಅದು ನರಜಾಲ ಮಾದರಿಗೆ ಬದಲಾಯಿತು. 2021ರಲ್ಲಿ ಪ್ರಕಟವಾದ ‘ಸಮಾನಾಂತರ್’ ಎಂಬ ದತ್ತಸಂಗ್ರಹವು ಇಂಗ್ಲಿಷ್ ಮತ್ತು 11 ಭಾರತೀಯ ಭಾಷೆಗಳ ನಡುವೆ ಸುಮಾರು 4.97 ಕೋಟಿ ವಾಕ್ಯಜೋಡಿಗಳನ್ನು ಒದಗಿಸಿತು. 2022ರ ಜುಲೈನಲ್ಲಿ ಕೇಂದ್ರ ಸರ್ಕಾರದ ‘ಭಾಷಿಣಿ’ ಉದ್ಘಾಟನೆಗೊಂಡಿತು. ಅದೇ ತಿಂಗಳು ಮೆಟಾ ಕಂಪನಿಯು ಕನ್ನಡವೂ ಸೇರಿದಂತೆ 200 ಭಾಷೆಗಳ ಅನುವಾದ ಮಾದರಿಯನ್ನು ಬಿಡುಗಡೆ ಮಾಡಿತು. 2023ರಲ್ಲಿ ಮದ್ರಾಸ್ ಐಐಟಿಯ ‘ಎಐ4ಭಾರತ್’ ತಂಡವು ಎಂಟನೆಯ ಅನುಸೂಚಿಯ 22 ಭಾಷೆಗಳನ್ನೂ ಒಳಗೊಂಡ ‘ಇಂಡಿಕ್‌ಟ್ರಾನ್ಸ್2’ ಮಾದರಿಯನ್ನು ಮುಕ್ತವಾಗಿ ಹಂಚಿತು. ಇಂದು ಯಾವುದೇ ಸಣ್ಣ ತಂತ್ರಾಂಶ ತಂಡವು ಕೆಲವೇ ಸಾಲುಗಳ ಸಂಕೇತ ಬರೆದು ತನ್ನ ಆ್ಯಪ್‌ಗೆ ಕನ್ನಡ ಅನುವಾದವನ್ನು ಜೋಡಿಸಬಹುದು. ಈ ಸುಲಭತೆಯೇ ನಮ್ಮ ಆತಂಕದ ಮೂಲ. ಜೋಡಿಸುವವರು ಆ ಭಾಷೆಯನ್ನು ಓದಬಲ್ಲವರಾಗಿರಬೇಕು ಎಂಬ ಅಗತ್ಯವೇ ಇಲ್ಲವಾಗಿದೆ.

ಈ ಮಾದರಿಗಳು ಪದವನ್ನು ಇಡಿಯಾಗಿ ಓದುವುದಿಲ್ಲ. ದತ್ತಸಂಗ್ರಹದಲ್ಲಿನ ಆವರ್ತನವನ್ನು ಅನುಸರಿಸಿ ಪದವನ್ನು ಖಂಡಗಳಾಗಿ ಒಡೆಯುತ್ತವೆ. ಈ ಖಂಡಗಳು ಪ್ರಕೃತಿ ಪ್ರತ್ಯಯಗಳ ಗಡಿಗೆ ಹೊಂದಬೇಕೆಂಬ ನಿಯಮವಿಲ್ಲ. ‘ನಿಧನರಾದ’ ಮತ್ತು ‘ನಿಧನರಾದರು’ ಒಂದೇ ಆರಂಭಖಂಡವನ್ನು ಹಂಚಿಕೊಂಡು, ಎರಡನೆಯದು ‘ರು’ ಎಂಬ ಬಾಲವನ್ನು ಹೆಚ್ಚುವರಿಯಾಗಿ ಪಡೆಯುವ ಸಂಭವ ಹೆಚ್ಚು. ವಾಕ್ಯದ ಇಡೀ ವ್ಯಾಕರಣವು ಆ ಬಾಲದ ಇರವು ಅಥವಾ ಇಲ್ಲದಿರವಿನ ಮೇಲೆ ನಿಂತಿರುತ್ತದೆ.

ಅನುವಾದದ ಕಡೆಯಲ್ಲಿ ಕಷ್ಟ ಬೇರೊಂದು ಬಗೆಯದು. ಡಿಕೋಡರ್ ಎಡದಿಂದ ಬಲಕ್ಕೆ ಒಂದೊಂದೇ ಖಂಡವನ್ನು ಹೊರಡಿಸುತ್ತದೆ. ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಕ್ರಿಯಾಪದ ಬರಬೇಕು. ಅಂದರೆ ‘ಮುಖ್ಯಮಂತ್ರಿ ಅವರು’ ಎಂಬುದನ್ನು ಹೇಳಿದ ಕೂಡಲೇ ಕನ್ನಡ ವಾಕ್ಯದ ತುತ್ತತುದಿಯಲ್ಲಿರುವ ‘ಸಲ್ಲಿಸಿದರು’ ಎಂಬುದನ್ನು ತಂದು ಕೂಡಿಸಬೇಕು. ಆ ದೂರವನ್ನು ದಾಟುವ ಮುನ್ನವೇ, ಕರ್ತೃವಿನಿಂದ ಒಂದು ಪದದ ಅಂತರದಲ್ಲಿ, ಕ್ರಿಯೆಯ ಅರ್ಥವುಳ್ಳ ರೂಪವೊಂದು ನಿಂತಿದೆ. ಪತ್ರಿಕಾ ಕನ್ನಡದಲ್ಲಿ ‘ಇಂಥವರು ನಿನ್ನೆ ನಿಧನರಾದರು’ ಎಂಬ ಸರಣಿ ನಿತ್ಯದ್ದು. ಯಂತ್ರದ ಕಲಿಕೆಯಲ್ಲಿ ಆ ಸರಣಿಯ ಒತ್ತಡ ಪ್ರಬಲವಾಗಿರುತ್ತದೆ. ಅಂದು ಪ್ರಕಟವಾದ ಇಂಗ್ಲಿಷ್ ವಾಕ್ಯವು ಕನ್ನಡದ ಪದಕ್ರಮವನ್ನು ಬಹುಪಾಲು ಹಾಗೆಯೇ ಅನುಸರಿಸಿತ್ತು: ಮುಖ್ಯಮಂತ್ರಿ, ನಿಧನ, ನಿನ್ನೆ, ತಾರೆ, ದರ್ಶನ, ನಮನ. ಕೃದಂತವನ್ನು ಪೂರ್ಣ ಕ್ರಿಯಾಪದವೆಂದು ತೆಗೆದುಕೊಂಡ ಮೇಲೆ ಉಳಿದ ಪದಗಳನ್ನು ಸಾಲಾಗಿ ಪೋಣಿಸಿದ ಲಕ್ಷಣ ಇದು.

ಇಲ್ಲಿ ಕನ್ನಡದ ಮೇಲೆ ಸಂದಿಗ್ಧತೆಯ ಆರೋಪ ಹೊರಿಸಲಾಗದು. (1) ಸಂದಿಗ್ಧ ವಾಕ್ಯವಲ್ಲ. ‘ಅವರು’ ಎಂಬ ಕರ್ತೃವಿಗೆ ‘ನಿಧನರಾದ’ ಪೂರ್ಣ ಕ್ರಿಯಾಪದವಾಗಿ ನಿಲ್ಲಲಾರದು.

ಆದರೆ ಎಲ್ಲ ಕನ್ನಡ ವಾಕ್ಯಗಳಿಗೂ ಈ ರಕ್ಷಣೆ ಇಲ್ಲ.

3. ಬಹುವಚನದ ರಕ್ಷಣೆ ಇಲ್ಲದವರು

ಮುಖ್ಯಮಂತ್ರಿಯವರು ಪ್ರತಿನಿಧಿಸುವ ವರುಣ ವಿಧಾನಸಭಾ ಕ್ಷೇತ್ರದಲ್ಲಿ ನಂಜನಗೂಡು ಮತ್ತು ಟಿ. ನರಸೀಪುರ ತಾಲ್ಲೂಕುಗಳ ಹಳ್ಳಿಗಳೂ ಸೇರಿವೆ. ಅಂಥ ಹಳ್ಳಿಯೊಂದರ ರೈತನ ಬಗ್ಗೆ ಬರೆದ ವಾಕ್ಯವನ್ನು ಈಗ ಗಮನಿಸಬಹುದು. ಇದೂ, ಮುಂದಿನ ಉದಾಹರಣೆಗಳೂ ನಾವು ರಚಿಸಿದವು.

(2) ಮಹದೇವ [ಹೋದ ವರ್ಷ ತೀರಿಕೊಂಡ] ಅಣ್ಣನ ಜಮೀನಿಗೆ ಪೌತಿ ಖಾತೆ ಕೇಳಿದ್ದಾನೆ.

(3) ಮಹದೇವ ಹೋದ ವರ್ಷ ತೀರಿಕೊಂಡ. ಅಣ್ಣನ ಜಮೀನಿಗೆ ಪೌತಿ ಖಾತೆ ಕೇಳಿದ್ದಾನೆ.

ಗ್ರಾಂಥಿಕ ಕನ್ನಡದಲ್ಲಿ ಪ್ರಥಮ ಪುರುಷ ಪುಲ್ಲಿಂಗ ಏಕವಚನವು ‘ತೀರಿಕೊಂಡನು’. ಇಂದಿನ ಬರಹದಲ್ಲೂ ಮಾತಿನಲ್ಲೂ ಅದು ‘ತೀರಿಕೊಂಡ’. ಸಂಬಂಧ ಕೃದಂತವೂ ‘ತೀರಿಕೊಂಡ’. ಬಂದ, ಹೋದ, ಸತ್ತ, ಕೊಟ್ಟ, ಎಲ್ಲವೂ ಹೀಗೆಯೇ. ಸ್ತ್ರೀಲಿಂಗದಲ್ಲಿ ‘ತೀರಿಕೊಂಡಳು’ ಎಂಬುದಕ್ಕೆ, ಗೌರವ ಬಹುವಚನದಲ್ಲಿ ‘ತೀರಿಕೊಂಡರು’ ಎಂಬುದಕ್ಕೆ ಈ ತೊಡಕಿಲ್ಲ. ಕೃದಂತ ಮತ್ತು ಪೂರ್ಣ ಕ್ರಿಯಾಪದ ಒಂದೇ ರೂಪ ತಳೆಯುವುದು ಏಕವಚನದಲ್ಲಿ ಮಾತನಾಡಿಸಿಕೊಳ್ಳುವ ಗಂಡಿನ ವಿಷಯದಲ್ಲಿ ಮಾತ್ರ. ಯಾರಿಗೆ ಬಹುವಚನ ಸಲ್ಲುತ್ತದೆ, ಯಾರಿಗೆ ಸಲ್ಲುವುದಿಲ್ಲ ಎಂಬುದು ನಮ್ಮ ಸಮಾಜದಲ್ಲಿ ವ್ಯಾಕರಣದ ಹೊರಗೆ ತೀರ್ಮಾನವಾಗುವ ಸಂಗತಿ. ಯಂತ್ರಾನುವಾದವು ಆ ತೀರ್ಮಾನಕ್ಕೆ ಹೊಸದೊಂದು ಪರಿಣಾಮವನ್ನು ಸೇರಿಸಿದೆ. ಬಹುವಚನ ಪಡೆದವರ ವಾಕ್ಯದಲ್ಲಿ ಯಂತ್ರಕ್ಕೆ ‘ರು’ ಎಂಬ ಸುಳಿವಾದರೂ ಸಿಗುತ್ತದೆ. ಮಹದೇವನ ವಾಕ್ಯದಲ್ಲಿ ಅದೂ ಇಲ್ಲ.

ಬರಹದಲ್ಲಿ (3)ಕ್ಕೆ ಪೂರ್ಣವಿರಾಮವಿದೆ. ಧ್ವನಿ ಸಂದೇಶವನ್ನು ಅಕ್ಷರವಾಗಿಸುವ ವ್ಯವಸ್ಥೆಗಳು ಅನೇಕ ವೇಳೆ ವಿರಾಮಚಿಹ್ನೆಗಳಿಲ್ಲದ ಪಠ್ಯವನ್ನು ಕೊಡುತ್ತವೆ. ಚಿಹ್ನೆಗಳನ್ನು ಮತ್ತೊಂದು ಮಾದರಿ ಊಹಿಸಿ ಹಾಕುತ್ತದೆ. ಆಗ (2) ಮತ್ತು (3) ಬೇರೆಯಾಗುವುದು ಆಡುವವರ ಸ್ವರದ ಏರಿಳಿತದಲ್ಲಿ ಮಾತ್ರ, ಅದು ಅಕ್ಷರಕ್ಕೆ ಇಳಿಯುವುದಿಲ್ಲ. (‘ಹೋದ ವರ್ಷ’ ಎಂಬುದರ ‘ಹೋದ’ ಕೂಡ ಕೃದಂತವೇ. ‘ಮಹದೇವ ಹೋದ’ ಎಂಬಷ್ಟನ್ನೇ ಕೇಳಿದರೆ ಈ ಸೀಮೆಯಲ್ಲಿ ಅದಕ್ಕೂ ಸಾವಿನ ಅರ್ಥ ಹುಟ್ಟುತ್ತದೆ.)

ಪೌತಿ ಖಾತೆ ಎಂದರೆ ಮೃತ ಹಿಡುವಳಿದಾರನ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವ ಕ್ರಮ. ಅರ್ಜಿದಾರ ಬದುಕಿದ್ದಾನೆ, ಹಿಡುವಳಿದಾರ ಸತ್ತಿದ್ದಾನೆ ಎಂಬುದೇ ಅದರ ಸಾರ. ಈ ಅರ್ಜಿಯ ಸಾರಾಂಶವನ್ನು ಕನ್ನಡ ಬಾರದ ಬ್ಯಾಂಕ್ ಅಧಿಕಾರಿಯೊಬ್ಬರು ಬೆಳೆಸಾಲದ ಕಡತದಲ್ಲಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಓದುತ್ತಾರೆಂದು ಭಾವಿಸಿದರೆ, (2)ನ್ನು (3)ರಂತೆ ಅನುವಾದಿಸಿದ ಯಂತ್ರವು ಅರ್ಜಿದಾರನನ್ನು ಕಡತದಲ್ಲಿ ಕೊಂದಿರುತ್ತದೆ. ಮುಖ್ಯಮಂತ್ರಿಯವರ ವಿಷಯದ ತಪ್ಪು ಎರಡು ದಿನಗಳಲ್ಲಿ ಬಯಲಾಯಿತು, ಕಂಪನಿಯಿಂದ ಕ್ಷಮೆಯೂ ಬಂದಿತು. ಮಹದೇವನಿಗೆ ಮಾಧ್ಯಮ ಸಲಹೆಗಾರರಿಲ್ಲ. ಸಾಲ ಏಕೆ ಬರಲಿಲ್ಲವೆಂಬುದು ಅವನಿಗೆ ತಿಳಿಯುವ ದಾರಿಯೂ ಇಲ್ಲ.

ಇದು ಕೇವಲ ಊಹೆಯ ಭಯವೆಂದು ತಳ್ಳಿಹಾಕುವಂತಿಲ್ಲ. 2017ರ ಅಕ್ಟೋಬರಿನಲ್ಲಿ ಪ್ಯಾಲೆಸ್ಟೀನಿನ ಕಟ್ಟಡ ಕಾರ್ಮಿಕನೊಬ್ಬ ಅರಬ್ಬಿಯಲ್ಲಿ ಬರೆದ ಶುಭೋದಯದ ಮಾತನ್ನು ಫೇಸ್‌ಬುಕ್‌ನ ಯಂತ್ರವು ಹೀಬ್ರೂ ಭಾಷೆಗೆ ದಾಳಿಯ ಕರೆಯೆಂಬಂತೆ ಅನುವಾದಿಸಿತು. ಇಸ್ರೇಲಿ ಪೊಲೀಸರು ಅವನನ್ನು ಬಂಧಿಸಿ ಕೆಲವು ಗಂಟೆಗಳ ಕಾಲ ವಿಚಾರಿಸಿದರು. ಬಂಧನಕ್ಕೆ ಮೊದಲು ಅರಬ್ಬಿ ಬಲ್ಲವರು ಮೂಲವನ್ನು ಓದಿರಲಿಲ್ಲ.

4. ಜೋಡಣೆಯ ಕೆಲಸ

ನಂಜನಗೂಡು ಮತ್ತು ಟಿ. ನರಸೀಪುರ ತಾಲ್ಲೂಕುಗಳ ಪಂಚಾಯಿತಿ, ಆರೋಗ್ಯ ಕೇಂದ್ರ, ಬಸ್ಸು ಮತ್ತು ದೇವಾಲಯಗಳ ಪ್ರಕಟಣೆಗಳನ್ನು ತಲುಪಿಸುವ ಕಲ್ಪಿತ ಆ್ಯಪ್ ಒಂದನ್ನು ಎದುರಿಗಿಟ್ಟುಕೊಳ್ಳೋಣ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಹೊರರಾಜ್ಯದವರಿಗೆ, ಶ್ರೀಕಂಠೇಶ್ವರನ ಸನ್ನಿಧಿಗೂ ನರಸೀಪುರದ ತ್ರಿವೇಣಿ ಸಂಗಮಕ್ಕೂ ಬರುವ ಯಾತ್ರಿಕರಿಗೆ ಅನುವಾದ ಬೇಕು. ಅಂಥ ಆ್ಯಪ್‌ನಲ್ಲಿರುವ ಪಠ್ಯ ಮೂರು ಬಗೆಯದು. ಗುಂಡಿ, ಶೀರ್ಷಿಕೆ ಮುಂತಾದ ಸ್ಥಿರ ಪಠ್ಯವು ಮೊದಲನೆಯದು. ಅದನ್ನು ಒಮ್ಮೆ ಮನುಷ್ಯರೇ ಅನುವಾದಿಸಿದರೆ ಸಾಕು. ಕೆಲವು ನೂರು ಪದಗಳಿಗೆ ಯಂತ್ರವನ್ನು ಕರೆಯುವುದು ಸೋಮಾರಿತನ.

ಎರಡನೆಯದು ಭರ್ತಿ ವಾಕ್ಯ. ಹೆಸರು, ಊರು, ದಿನಾಂಕಗಳಿಗೆ ಖಾಲಿ ಜಾಗ ಬಿಟ್ಟ ಅಚ್ಚು ಇದು. ತಂತ್ರಾಂಶಗಳಲ್ಲಿ ಕನ್ನಡವು ಅತಿಯಾಗಿ ಸೊರಗುವುದು ಇಲ್ಲಿಯೇ. ಇಂಗ್ಲಿಷಿನಲ್ಲಿ ಊರಿನ ಹೆಸರಿನ ಹಿಂದೆ ಒಂದು ಉಪಸರ್ಗ ಇಟ್ಟರೆ ಅಚ್ಚು ಸಿದ್ಧವಾಗುತ್ತದೆ, ಹೆಸರಿಗೆ ಏನೂ ಆಗುವುದಿಲ್ಲ. ಕನ್ನಡದಲ್ಲಿ ಚತುರ್ಥೀ ವಿಭಕ್ತಿಯು ಹೆಸರನ್ನೇ ಹಿಡಿದು ಮಾರ್ಪಡಿಸುತ್ತದೆ. ನಮ್ಮ ಎರಡು ಊರುಗಳೇ ಇದಕ್ಕೆ ಸಾಕ್ಷಿ: ನಂಜನಗೂಡಿಗೆ, ನರಸೀಪುರಕ್ಕೆ. ಉಕಾರಾಂತಕ್ಕೆ ಒಂದು ರೂಪ, ಅಕಾರಾಂತ ನಪುಂಸಕಕ್ಕೆ ಇನ್ನೊಂದು. ಕಳಲೆಗೆ ಹೊರಟರೆ ಮೂರನೆಯದು. ‘ಕ್ಕೆ’ ಎಂಬುದನ್ನು ಅಚ್ಚಿಗೆ ಅಂಟಿಸಿದರೆ ಪರದೆಯ ಮೇಲೆ ‘ನಂಜನಗೂಡುಕ್ಕೆ’ ಮೂಡುತ್ತದೆ, ‘ಗೆ’ ಎಂದು ಅಂಟಿಸಿದರೆ ‘ನರಸೀಪುರಗೆ’. ಪಂಚಮಿ, ಷಷ್ಠಿ, ಸಪ್ತಮಿಗಳಲ್ಲಿಯೂ ಇದೇ ಕಥೆ: ನಂಜನಗೂಡಿನಿಂದ, ನರಸೀಪುರದಿಂದ, ಕಳಲೆಯಿಂದ.

ವ್ಯಕ್ತಿನಾಮಗಳಿಗೆ ಭಾಷೆಯೇ ಒಂದು ಉಪಾಯ ಒದಗಿಸಿದೆ. ‘ಅವರು’ ಎಂಬ ಸರ್ವನಾಮವನ್ನು ಹೆಸರಿನ ಮುಂದಿಟ್ಟರೆ ವಿಭಕ್ತಿ ಅದಕ್ಕೆ ಹತ್ತುತ್ತದೆ, ಹೆಸರು ಹಾಗೆಯೇ ಉಳಿಯುತ್ತದೆ: ಮಹದೇವ ಅವರಿಗೆ, ಗೌರಿ ಅವರಿಗೆ. ಸರ್ಕಾರಿ ನಮೂನೆಗಳು ಬಹುಕಾಲದಿಂದ ಇದನ್ನೇ ಮಾಡಿಕೊಂಡು ಬಂದಿವೆ. ಗೌರವವೂ ಸಂದಿತು, ಸಂಧಿಯ ತೊಂದರೆಯೂ ತಪ್ಪಿತು. ಊರಿನ ಹೆಸರಿಗೆ ‘ಅವರು’ ಹಚ್ಚಲಾಗದು. ಅಲ್ಲಿ ವಾಕ್ಯವನ್ನೇ ಬಿಟ್ಟು ‘ತಲುಪುವ ಊರು: ಟಿ. ನರಸೀಪುರ’ ಎಂದು ಪಟ್ಟಿಯ ರೂಪಕ್ಕೆ ಹೋಗುವುದು, ಇಲ್ಲವೇ ಎರಡು ತಾಲ್ಲೂಕುಗಳ ಎಲ್ಲ ಗ್ರಾಮಗಳ ವಿಭಕ್ತಿರೂಪಗಳನ್ನು ಕೋಷ್ಟಕವಾಗಿ ಕೊಡುವುದು, ಈ ಎರಡೇ ದಾರಿ. ಎರಡನೆಯದು ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ಕೆಲವೇ ವಾರಗಳಲ್ಲಿ ಮುಗಿಸಬಹುದಾದ ಕೆಲಸ. ಅದನ್ನು ಮಾಡಿಸಿಕೊಳ್ಳುವ ತಂತ್ರಾಂಶ ತಂಡಗಳು ವಿರಳ.

‘ಟಿ. ನರಸೀಪುರ’ ಎಂಬ ಹೆಸರೇ ಇನ್ನೊಂದು ಪಾಠ ಕಲಿಸುತ್ತದೆ. ‘ಟಿ’ ಎಂದರೆ ತಿರುಮಕೂ‌ಡಲು, ಅದರ ಉತ್ತರಪದ ‘ಕೂಡಲು’ ನದಿಗಳ ಸಂಗಮವನ್ನು ಸೂಚಿಸುತ್ತದೆ. ಅನುವಾದಕ್ಕೆ ಮೊದಲು ಪಠ್ಯವನ್ನು ವಾಕ್ಯಗಳಾಗಿ ಕತ್ತರಿಸುವ ಸರಳ ಕ್ರಮವಿಧಿಗಳು ಚುಕ್ಕೆ ಕಂಡಲ್ಲೆಲ್ಲ ಕತ್ತರಿಸುತ್ತವೆ. ‘ಬಸ್ಸು ಟಿ.’ ಎಂಬುದು ಒಂದು ವಾಕ್ಯವಾಗಿ, ‘ನರಸೀಪುರದಿಂದ ಹೊರಡುತ್ತದೆ’ ಎಂಬುದು ಇನ್ನೊಂದು ವಾಕ್ಯವಾಗಿ ಯಂತ್ರದೊಳಗೆ ಹೋಗುತ್ತವೆ. ‘ಬಿ. ಸರೋಜಾದೇವಿ’ ಎಂಬಲ್ಲಿಯೂ ಅಂಥದೇ ಚುಕ್ಕೆಯಿದೆ. ಹೆಸರಿನ ಮೊದಲಕ್ಷರಗಳನ್ನು ಚುಕ್ಕೆಯೊಡನೆ ಬರೆಯುವುದು ನಮ್ಮಲ್ಲಿ ಸಾರ್ವತ್ರಿಕವಾದ್ದರಿಂದ, ಒಂದೇ ಅಕ್ಷರದ ನಂತರದ ಚುಕ್ಕೆಯನ್ನು ವಾಕ್ಯಾಂತವೆಂದು ಪರಿಗಣಿಸಬಾರದೆಂಬ ನಿಯಮ ಕನ್ನಡದ ಮಟ್ಟಿಗೆ ಐಚ್ಛಿಕವಲ್ಲ.

ಊರ ಹೆಸರುಗಳು ಅರ್ಥವುಳ್ಳ ಪದಗಳೂ ಆಗಿರುವುದು ಇನ್ನೊಂದು ತೊಡಕು. ಕಳಲೆ ಎಂದರೆ ಎಳೆಬಿದಿರು. ಹುಲ್ಲಹಳ್ಳಿಯಲ್ಲಿ ಹುಲ್ಲಿದೆ, ತಗಡೂರಿನಲ್ಲಿ ತಗಡಿದೆ, ಮೂಗೂರನ್ನು ಖಂಡವಾಗಿ ಒಡೆಯುವ ಯಂತ್ರಕ್ಕೆ ಮೂಗೇ ಕಂಡೀತು. ‘ಹುಂಡಿ’ಯ ವಿಷಯ ಹೆಚ್ಚು ಸ್ವಾರಸ್ಯದ್ದು. ಮೈಸೂರು ಸೀಮೆಯಲ್ಲಿ ಅದು ಹಳ್ಳಿಯ ಹೆಸರಿನ ಉತ್ತರಪದ, ಮುಖ್ಯಮಂತ್ರಿಯವರ ಹುಟ್ಟೂರು ಸಿದ್ದರಾಮನಹುಂಡಿಯಲ್ಲಿರುವಂತೆ. ದೇವಾಲಯದ ಕಾಣಿಕೆ ಪೆಟ್ಟಿಗೆಯೂ ಹುಂಡಿಯೇ, ನಂಜನಗೂಡಿನ ದೇವಾಲಯದ ಹುಂಡಿ ಎಣಿಕೆ ಪತ್ರಿಕೆಗಳ ಮಾಮೂಲಿ ಸುದ್ದಿ. ಹೆಸರುಗಳನ್ನು ಮುಸುಕುಹಾಕಿ ಯಂತ್ರಕ್ಕೆ ಕಳಿಸಿ, ಅನುವಾದವಾದ ಮೇಲೆ ಮುಸುಕು ತೆಗೆಯುವ ಕ್ರಮ ರೂಢಿಯಲ್ಲಿದೆ. ಕನ್ನಡ ಮೂಲದಿಂದ ಹೊರಡುವಾಗ ವಿಭಕ್ತಿ ಪ್ರತ್ಯಯವನ್ನು ಮುಸುಕಿನ ಹೊರಗೆ ಉಳಿಸಬೇಕೆಂಬುದನ್ನು ಅದನ್ನು ಬರೆಯುವವರು ಮರೆಯುತ್ತಾರೆ. ‘ಕಳಲೆಯಿಂದ’ ಎಂಬುದನ್ನು ಇಡಿಯಾಗಿ ಮುಚ್ಚಿದರೆ ಹೋಗುವ ಬಸ್ಸೋ ಬರುವ ಬಸ್ಸೋ ಎಂಬುದೇ ಅಳಿಸಿಹೋಗುತ್ತದೆ.

ಹಳೆಯ ಕಡತಗಳ ಬಗ್ಗೆ ಒಂದು ಮಾತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಯೂನಿಕೋಡ್‌ಪೂರ್ವ ಸಂಕೇತಗಳಲ್ಲಿ ಬೆರಳಚ್ಚಾದ ದಾಖಲೆಗಳು ಕಚೇರಿಗಳಲ್ಲಿ ಇನ್ನೂ ಇವೆ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಯಂತ್ರಕ್ಕೆ ಕೊಟ್ಟರೆ ಅದು ಲ್ಯಾಟಿನ್ ಅಕ್ಷರಗಳ ಗೋಜಲನ್ನಷ್ಟೇ ಕಾಣುತ್ತದೆ.

5. ಬಳಕೆದಾರರ ಮಾತು

ಮೂರನೆಯದಾದ ಬಳಕೆದಾರರ ಪಠ್ಯವೇ ಎಲ್ಲಕ್ಕಿಂತ ಕಷ್ಟದ್ದು, ಅನುವಾದದ ನಿಜವಾದ ಅಗತ್ಯವಿರುವುದೂ ಅಲ್ಲಿಯೇ. ಈ ಸೀಮೆಯ ಆಡುನುಡಿಯ ಬಗ್ಗೆ ನಮ್ಮಲ್ಲಿ ಜ್ಞಾನದ ಕೊರತೆಯಿಲ್ಲ. ಯು. ಪಿ. ಉಪಾಧ್ಯಾಯ ಅವರ ‘ನಂಜನಗೂಡು ಕನ್ನಡ’ ಎಂಬ ಇಂಗ್ಲಿಷ್ ಪ್ರಬಂಧ, ಇಲ್ಲಿನ ಒಕ್ಕಲಿಗ ಉಪಭಾಷೆಯ ವಿವರಣೆ, ಪುಣೆಯ ಡೆಕ್ಕನ್ ಕಾಲೇಜಿನಿಂದ 1968ರಲ್ಲೇ ಪ್ರಕಟವಾಗಿದೆ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ (1984) ಈ ಸೀಮೆಯ ದಲಿತ ಆಡುನುಡಿಯನ್ನು ಕಥನದ ಭಾಷೆಯನ್ನಾಗಿಸಿತು, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಭಾರತೀಯ ಭಾಷಾ ಸಂಸ್ಥಾನವು 1969ರಿಂದ ಮೈಸೂರಿನಲ್ಲಿದೆ, ನಂಜನಗೂಡಿನಿಂದ ಒಂದು ಗಂಟೆಯ ದಾರಿಯೂ ಅಲ್ಲ. ಯಂತ್ರಾನುವಾದದ ದತ್ತವಾದರೋ ಬಹುಪಾಲು ಸುದ್ದಿ, ಸರ್ಕಾರಿ ಪ್ರಕಟಣೆ ಮತ್ತು ಜಾಲತಾಣಗಳ ಬರಹದಿಂದ ಆಯ್ದದ್ದು.

ಪರಿಣಾಮವನ್ನು ಎರಡು ಉದಾಹರಣೆಗಳಲ್ಲಿ ತೋರಿಸಬಹುದು. ಇಲ್ಲಿನ ಮಾತಿನಲ್ಲಿ ‘ಇದ್ದಾನೆ, ಇದ್ದಾರೆ’ ಎಂಬುದಕ್ಕೆ ‘ಅವ್ನೆ, ಅವ್ರೆ’ ಎನ್ನುವುದುಂಟು.

(4) ಆಸ್ಪತ್ರೇಲಿ ಡಾಕ್ಟ್ರು ಅವ್ರೆ.

ಶಿಷ್ಟ ಬರಹವನ್ನಷ್ಟೇ ಕಂಡ ಯಂತ್ರಕ್ಕೆ ‘ಅವ್ರೆ’ ಎಂದರೆ ‘ಅವರೇ’ ಎಂಬ ಅವಧಾರಣೆ, ಇಲ್ಲವೇ ಅವರೆಕಾಯಿ. ಇರುವಿಕೆಯನ್ನು ಹೇಳುವ ಕ್ರಿಯಾಪದವೇ ಮಾಯವಾಗಿ, ವೈದ್ಯರು ಇದ್ದಾರೋ ಇಲ್ಲವೋ ಎಂಬ ಏಕೈಕ ಮಾಹಿತಿ ಕಳೆದುಹೋಗುತ್ತದೆ. ಇನ್ನೊಂದು, ಪದಾದಿಯ ಹಕಾರ ಲೋಪ. ‘ಹತ್ತು ಗಂಟೆಗೆ ಒಂದು ಗುಳಿಗೆ’ ಎಂಬುದು ‘ಅತ್ತು ಗಂಟೆಗೆ’ ಎಂದಾದಾಗ ಸಂಖ್ಯಾವಾಚಕದ ಜಾಗದಲ್ಲಿ ಅಳುವಿನ ಕ್ರಿಯಾರೂಪ ಬಂದು ಕೂರುತ್ತದೆ.

ಜಿಲ್ಲೆವಾರು ಮಾತಿನ ಮಾದರಿಗಳನ್ನು ಸಂಗ್ರಹಿಸುವ ಯೋಜನೆಗಳು ಈಗ ನಡೆಯುತ್ತಿವೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಪಾಲ್ಗೊಂಡಿರುವ ‘ವಾಣಿ’ ಅವುಗಳಲ್ಲೊಂದು. ಇದು ಸ್ವಾಗತಾರ್ಹ. ಆದರೆ 1968ರ ಪ್ರಬಂಧವು ತನ್ನ ಶೀರ್ಷಿಕೆಯಲ್ಲೇ ಊರನ್ನೂ ಸಮುದಾಯವನ್ನೂ ಹೆಸರಿಸಿತ್ತು. ಉಪಭಾಷೆಯು ಊರಿನ ಗಡಿಯಷ್ಟೇ ಕೇರಿಯ ಗಡಿಯನ್ನೂ ಅನುಸರಿಸುತ್ತದೆಂಬುದು ಕನ್ನಡ ಉಪಭಾಷಾಧ್ಯಯನದ ಹಳೆಯ ಅರಿವು. ಜಿಲ್ಲೆಯನ್ನಷ್ಟೇ ಏಕಕವಾಗಿ ಹಿಡಿದ ದತ್ತದಲ್ಲಿ ಕೇರಿಯ ಮಾತು ಎಷ್ಟು ಬಂದಿದೆ ಎಂದು ಕೇಳುವುದು ನಮ್ಮ ಹೊಣೆ.

ಸಾವಿನ ಪದಕೋಶವೂ ಸಮುದಾಯದಿಂದ ಸಮುದಾಯಕ್ಕೆ ಬೇರೆ. ಸುತ್ತೂರಿನ ಸುತ್ತಮುತ್ತ ಲಿಂಗೈಕ್ಯರಾದರು, ಶಿವೈಕ್ಯರಾದರು ಎಂದರೆ ತೀರಿಕೊಂಡರೆಂದೇ ಅರ್ಥ. ಶಿವಗಣಾರಾಧನೆಯ ಆಹ್ವಾನವನ್ನು ಹಬ್ಬದ ಆಹ್ವಾನವೆಂದು ಅನುವಾದಿಸಿದರೆ ಹೊರಊರಿನ ಸಹೋದ್ಯೋಗಿ ಶುಭಾಶಯ ಕಳಿಸಿಯಾನು.

6. ಪರೀಕ್ಷೆ ಮತ್ತು ಕಾವಲು

2002ರಲ್ಲಿ ಬಂದ ‘ಬ್ಲೂ’ ಅಂಕವು ಯಂತ್ರದ ಅನುವಾದವನ್ನು ಮನುಷ್ಯರ ಅನುವಾದದೊಡನೆ ಹೋಲಿಸಿ, ಎರಡರಲ್ಲೂ ಬರುವ ಪದಸರಣಿಗಳನ್ನು ಎಣಿಸುತ್ತದೆ. ಅಕ್ಷರಸರಣಿಗಳನ್ನು ಎಣಿಸುವ ‘ಕ್ರಫ್’ (2015) ಕನ್ನಡದಂಥ ಪ್ರತ್ಯಯಪ್ರಧಾನ ಭಾಷೆಗಳಿಗೆ ಹೆಚ್ಚು ಹೊಂದುತ್ತದೆ. (1)ರ ತಪ್ಪು ಅನುವಾದವನ್ನು ಇವುಗಳಲ್ಲಿ ಯಾವುದರಿಂದ ಅಳೆದರೂ ಅಂಕ ನಾಚಿಕೆಪಡುವಷ್ಟು ಕಡಿಮೆ ಬರುವುದಿಲ್ಲ. ಮುಖ್ಯಮಂತ್ರಿ, ನಿನ್ನೆ, ನಿಧನ, ನಟಿ, ಅಂತಿಮ ನಮನ, ಎಲ್ಲ ಪದಗಳೂ ಸರಿಯಾದ ಅನುವಾದದಲ್ಲೂ ಇವೆ, ತಪ್ಪು ಅನುವಾದದಲ್ಲೂ ಇವೆ. ಯಾರು ಸತ್ತರು ಎಂಬುದೊಂದೇ ಬೇರೆ. ಸಾವಿರಾರು ವಾಕ್ಯಗಳ ಸರಾಸರಿಯಲ್ಲಿ ಅದು ಗೋಚರಿಸದು.

ಇದಕ್ಕೆ ಪರ್ಯಾಯವಾಗಿ ಇಸಾಬೆಲ್, ಚೆರ್ರಿ ಮತ್ತು ಫೋಸ್ಟರ್ 2017ರಲ್ಲಿ ಮಂಡಿಸಿದ ಸವಾಲು ವಾಕ್ಯಗಳ ವಿಧಾನವನ್ನು ಕನ್ನಡಕ್ಕೆ ಅನ್ವಯಿಸಬೇಕೆಂಬುದು ನಮ್ಮ ಸಲಹೆ. ಭಾಷಾವಿಜ್ಞಾನಿಯು ಒಂದೊಂದು ರಚನೆಯನ್ನು ಗುರಿಯಾಗಿಟ್ಟು ಸಣ್ಣ ಗುಚ್ಛವನ್ನು ರಚಿಸುತ್ತಾರೆ. ಪ್ರತಿ ವಾಕ್ಯಕ್ಕೂ ಹೌದು ಅಥವಾ ಇಲ್ಲ ಎಂಬ ಉತ್ತರದ ಪ್ರಶ್ನೆ ಇರುತ್ತದೆ. ಸಂಬಂಧ ಕೃದಂತದ ಗುಚ್ಛದಲ್ಲಿ ಬದಲಾಯಿಸಬೇಕಾದ ಅಂಶಗಳು ಮೇಲಿನ ವಿಶ್ಲೇಷಣೆಯಿಂದಲೇ ದೊರಕುತ್ತವೆ: ಕರ್ತೃವಿನ ಗೌರವವಚನ, ತಲೆಪದದ ಲಿಂಗ, ಕರ್ತೃವಿಗೂ ಮುಖ್ಯ ಕ್ರಿಯಾಪದಕ್ಕೂ ಇರುವ ದೂರ, ನಡುವಿನ ಅಲ್ಪವಿರಾಮ, ಹೆಸರಿನೊಳಗಿನ ಚುಕ್ಕೆ. ಸೇವೆ ಒದಗಿಸುವವರು ಮಾದರಿಯನ್ನು ನವೀಕರಿಸಿದಾಗಲೆಲ್ಲ ಗುಚ್ಛವನ್ನು ಮತ್ತೆ ಓಡಿಸಬೇಕು. ನಿನ್ನೆ ಸರಿಯಾಗಿದ್ದ ವಾಕ್ಯ ಇಂದು ಕೆಡುವುದು ಈ ವ್ಯವಸ್ಥೆಗಳಲ್ಲಿ ಅಪರೂಪವಲ್ಲ.

ಪದಕ್ರಮ ಬದಲಾಯಿಸಿ ಬರೆದರೆ ತೊಂದರೆ ತಪ್ಪುತ್ತದಲ್ಲ ಎಂದು ಕೇಳುವವರಿದ್ದಾರೆ. ತಪ್ಪುತ್ತದೆ. ‘ನಿನ್ನೆ ನಿಧನರಾದ ನಟಿಯ ಪಾರ್ಥಿವ ಶರೀರಕ್ಕೆ ಮುಖ್ಯಮಂತ್ರಿ ಅವರು ನಮನ ಸಲ್ಲಿಸಿದರು’ ಎಂದರೆ ಕರ್ತೃವಿನ ಪಕ್ಕದಲ್ಲಿ ಕೃದಂತ ಬರುವುದಿಲ್ಲ, ಕನ್ನಡದ ಸಡಿಲ ಪದಕ್ರಮ ಇದಕ್ಕೆ ಅವಕಾಶ ಕೊಡುತ್ತದೆ. ಇಲಾಖೆಯ ಸಿದ್ಧ ನಮೂನೆಗಳಲ್ಲಿ ಹೀಗೆ ಮಾಡುವುದನ್ನು ನಾವು ಒಪ್ಪುತ್ತೇವೆ. ಜನರು ಬರೆಯುವ, ಆಡುವ ಕನ್ನಡಕ್ಕೆ ಈ ಷರತ್ತು ವಿಧಿಸುವುದನ್ನು ಒಪ್ಪುವುದಿಲ್ಲ. ಶತಮಾನಗಳಿಂದ ಕನ್ನಡಿಗರು ತಡೆಯಿಲ್ಲದೆ ಓದಿಕೊಂಡು ಬಂದ ವಾಕ್ಯರಚನೆಯೊಂದನ್ನು ಯಂತ್ರದ ಅನುಕೂಲಕ್ಕೆ ಕೈಬಿಡುವುದಾದರೆ, ದುರಸ್ತಿಯ ಭಾರವನ್ನು ತಪ್ಪು ಮಾಡದವರ ಮೇಲೆ ಹೊರಿಸಿದಂತಾಗುತ್ತದೆ.

ಆ್ಯಪ್‌ನೊಳಗಿನ ಕಾವಲು ಸರಳವಾಗಿಯೇ ಆರಂಭವಾಗಬಹುದು. ನಿಧನ, ಮೃತ, ತೀರಿಕೊಳ್ಳು, ಸಾಯು, ಅಗಲು, ಲಿಂಗೈಕ್ಯ ಮುಂತಾದ ಧಾತು ನಾಮಗಳ ಕೃದಂತ ರೂಪವು ಪ್ರಥಮಾ ವಿಭಕ್ತಿಯ ಮಾನವ ನಾಮದ ಬೆನ್ನಿಗೆ ಬಂದರೆ ಆ ಸಂದೇಶವನ್ನು ತಾನಾಗಿ ಅನುವಾದಿಸಕೂಡದು, ಮನುಷ್ಯರ ಕಣ್ಣಿಗೆ ಕಳಿಸಬೇಕು. ಔಷಧಿಯ ಪ್ರಮಾಣ, ನ್ಯಾಯಾಲಯದ ದಿನಾಂಕ, ಹಣದ ಮೊತ್ತ ಇರುವ ಸಂದೇಶಗಳಿಗೂ ಇದೇ ಕ್ರಮ. ಈ ಕಾವಲು ಬೇಡದ ವಾಕ್ಯಗಳನ್ನೂ ಹಿಡಿದೀತು. ಆ ತೊಂದರೆಯನ್ನು ನಾವು ಸಹಿಸಬಹುದೆಂದು ಬಗೆಯುತ್ತೇವೆ. ಅನುವಾದದ ಜೊತೆಗೆ ಕನ್ನಡ ಮೂಲ ಯಾವಾಗಲೂ ಪರದೆಯ ಮೇಲಿರಬೇಕು, ಒಂದು ಗುಂಡಿಯ ಹಿಂದೆ ಅಡಗಿರಬಾರದು.

ಉಳಿದಿರುವ ತೊಡಕು ದೂರಿನ ಗುಂಡಿಯದು. ತಪ್ಪನ್ನು ವರದಿ ಮಾಡುವ ಗುಂಡಿಯನ್ನು ಆ್ಯಪ್‌ಗಳು ಸಾಮಾನ್ಯವಾಗಿ ಅನುವಾದದ ಕೆಳಗೆ ಇಡುತ್ತವೆ. ಅನುವಾದವನ್ನು ಓದುವವರಿಗೆ ಮೂಲಭಾಷೆ ಬಾರದು, ಆದ್ದರಿಂದ ತಪ್ಪು ಕಾಣದು. ಮೂಲ ಬರೆದವರಿಗೆ ಅನುವಾದವೇ ಕಾಣದು. 2025ರ ಸಂದೇಶವನ್ನು ಕನ್ನಡದಲ್ಲಿ ಓದಿದವರ ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಇತ್ತು. ಆದ್ದರಿಂದ ಸಂದೇಶ ಹೊರಡುವ ಮುನ್ನ ಅದರ ಅನುವಾದವನ್ನು ಬೇರೊಂದು ಮಾದರಿಯಿಂದ ಮರಳಿ ಕನ್ನಡಕ್ಕೆ ತಂದು ಕಳಿಸುವವರಿಗೆ ತೋರಿಸಬೇಕು, ಓದು ಬಾರದವರಿಗೆ ಧ್ವನಿಯಲ್ಲಿ ಕೇಳಿಸಬೇಕು. ಮರು ಅನುವಾದವು ಎಲ್ಲ ತಪ್ಪುಗಳನ್ನೂ ಹೊರಹಾಕುವುದಿಲ್ಲ. ಆದರೆ ‘ಮಹದೇವ ಹೋದ ವರ್ಷ ತೀರಿಕೊಂಡನು’ ಎಂದು ಫೋನು ಓದಿ ಹೇಳಿದರೆ, ಅದನ್ನು ಕೈಯಲ್ಲಿ ಹಿಡಿದು ನಿಂತಿರುವ ಮಹದೇವನಿಗೆ ತಪ್ಪು ಎಲ್ಲಿದೆಯೆಂದು ತಿಳಿಯಲು ಭಾಷಾವಿಜ್ಞಾನ ಬೇಕಾಗುವುದಿಲ್ಲ.